ಕಂಡದ್ದನ್ನು ಗೆಳೆಯರ ಮುಂದಿಡುವ ವಿದ್ಯೆ

‘ದೇಶ ಸುತ್ತು, ಕೋಶ ಓದು’ ಎಂದು ಹಿರಿಯರು ಹೇಳಿದ್ದಾರೆ. ಸುತ್ತಾಟ ಮತ್ತು ಓದು ಜ್ಞಾನದ ಎರಡು ಕಣ್ಣುಗಳೆಂಬುದು ಇದರ ಸಾರ. ಆದರೆ ಸುತ್ತಿ ಬಂದವನು ಕಂಡದ್ದನ್ನು ಸರಿಯಾಗಿ ಕಂಡನೇ, ಅಥವಾ ತನ್ನ ಮನಸ್ಸಿಗೆ ಒಪ್ಪಿದ್ದನ್ನಷ್ಟೇ ಕಂಡನೇ ಎಂದು ಪರೀಕ್ಷಿಸುವವರು ಯಾರು? ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಿಂದಲೂ ಈ ಪ್ರಶ್ನೆ ನಮ್ಮನ್ನು ಕಾಡುತ್ತಿತ್ತು. ಅದಕ್ಕೆ ಉತ್ತರ ದೊರೆತದ್ದು ಯಾವ ಉದ್ಗ್ರಂಥದಲ್ಲಿಯೂ ಅಲ್ಲ. ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯ ಪಡಸಾಲೆಯಲ್ಲಿ, ಪದವಿ ಕಾಲೇಜಿನ ತರುಣ ತರುಣಿಯರ ನಡುವೆ ಎಂದರೆ ವಾಚಕರು ಆಶ್ಚರ್ಯಪಟ್ಟಾರು.

ಅದು ಕೆಲವು ವರ್ಷಗಳ ಹಿಂದಿನ ಜನವರಿ ತಿಂಗಳು. ಭಾನುವಾರದ ಬಲಿಪೂಜೆ ಮುಗಿದು ಜನ ಚದುರುತ್ತಿದ್ದಾಗ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ಮಗಳನ್ನು ಕೈಹಿಡಿದು ಕರೆತಂದರು. “ಫಾದರ್, ನೀವಾದ್ರೂ ಈಕೀಗೆ ಬುದ್ಧಿ ಹೇಳ್ರಿ. ಮನ್ಯಾಗ ಒಂದು ಕೊಡ ನೀರು ಎತ್ತಂಗಿಲ್ಲ, ಏಳು ದಿನ ಯಾವುದೋ ಊರಿನ ಗಟಾರ ಬಳಿಯಾಕ ಹೊಂಟಾಳ. ಇದೆಂಥಾ ಓದು ರೀ?” ಎಂದರು. ತಂದೆ ತುಸು ದೂರದಲ್ಲಿ ಮೌನವಾಗಿ ನಿಂತಿದ್ದರು. ಕಾಲುವೆಯ ಕೆಳಗೆ ನಾಲ್ಕಾರು ಎಕರೆ ನೆಲ್ಲಿನ ಗದ್ದೆಯುಳ್ಳ ಗೌರವಸ್ಥ ಕುಟುಂಬ ಅವರದು. ಮಗಳು ಬಿ.ಎ. ಎರಡನೆಯ ವರ್ಷದಲ್ಲಿದ್ದಳು. “ಹೋಗಿ ಬರಲಿ ಬಿಡಿ ತಾಯಿ, ಒಳ್ಳೆಯದೇ ಆದೀತು” ಎಂದು ನಾವು ಸುಲಭವಾಗಿ ಹೇಳಿಬಿಟ್ಟೆವು. ಶಿಬಿರವೆಂದರೆ ಕಸ ಗುಡಿಸುವುದು, ಭಾಷಣ ಕೇಳುವುದು, ರಾತ್ರಿ ಹಾಡಿ ಕುಣಿಯುವುದು ಎಂದಷ್ಟೇ ನಮಗೂ ಗೊತ್ತಿತ್ತು.

ಶಿಬಿರದ ಹಿನ್ನೆಲೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು 1997ರಲ್ಲಿ ಒಂದು ಜಿಲ್ಲೆಯಾದವು. ಕುಕನೂರು, ಕನಕಗಿರಿ, ಕಾರಟಗಿಗಳು ತಾಲ್ಲೂಕುಗಳಾದದ್ದು ಅನಂತರದ ಮಾತು. ಇಲ್ಲಿಯ ಯುವಜನರು ಪದವಿಗಾಗಿ ಕಂಡ ವಿಶ್ವವಿದ್ಯಾಲಯಗಳು ಒಂದೆರಡಲ್ಲ. ನಿಜಾಮರ ಕಾಲದಲ್ಲಿ ಉರ್ದು ಮಾಧ್ಯಮದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೈದರಾಬಾದಿಗೇ ಹೋಗಬೇಕಿತ್ತು. ಅಂದಿನ ಯಲಬುರ್ಗಾ ತಾಲ್ಲೂಕಿನ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ‘ಕಾವ್ಯಾನಂದ’ ಸಿದ್ಧಯ್ಯ ಪುರಾಣಿಕರು ಹಾಗೆ ಹೋಗಿ ಓದಿದವರು. ಏಕೀಕರಣದ ಅನಂತರ ಧಾರವಾಡ, 1980ರಿಂದ ಗುಲಬರ್ಗಾ, 2010ರಿಂದ ಬಳ್ಳಾರಿ, ಕೊನೆಗೆ 2023ರಲ್ಲಿ ಕೊಪ್ಪಳದ್ದೇ ಆದ ವಿಶ್ವವಿದ್ಯಾಲಯ, ಹೀಗೆ ಪದವಿಪತ್ರದ ಮೇಲಿನ ಹೆಸರು ಬದಲಾಗುತ್ತ ಬಂದಿತು. ವಿಶ್ವವಿದ್ಯಾಲಯ ಹತ್ತಿರವಾದಂತೆ ಊರಿನ ಬದುಕೂ ವಿದ್ಯಾರ್ಥಿಗೆ ಹತ್ತಿರವಾಯಿತೇ ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಯನ್ನು ಎದುರಿಸಲೆಂದೇ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದರು. ‘ನನಗಲ್ಲ, ನಿನಗೆ’ ಎಂಬುದು ಅದರ ಧ್ಯೇಯವಾಕ್ಯ. ಸ್ವಯಂಸೇವಕ ವಿದ್ಯಾರ್ಥಿಯು ಎರಡು ವರ್ಷಗಳಲ್ಲಿ 240 ತಾಸು ಸೇವೆ ಸಲ್ಲಿಸಬೇಕು. ದತ್ತು ಪಡೆದ ಹಳ್ಳಿಯಲ್ಲಿ 7 ದಿನಗಳ ವಿಶೇಷ ಶಿಬಿರವೂ ಇದರಲ್ಲಿ ಸೇರಿದೆ. ಬೆಳಿಗ್ಗೆ ಧ್ವಜವಂದನೆ, ಶ್ರಮದಾನ, ಮಧ್ಯಾಹ್ನ ಉಪನ್ಯಾಸ, ರಾತ್ರಿ ಮನರಂಜನೆ, ಇದು ಎಲ್ಲೆಡೆಯ ಪದ್ಧತಿ. ನಾವು ಕಂಡ ಶಿಬಿರದಲ್ಲಿ ಇದರೊಡನೆ ಇನ್ನೊಂದು ಪದ್ಧತಿಯಿತ್ತು.

ದಿನಕ್ಕೊಂದು ಹೊಸತು

ಶಿಬಿರಾಧಿಕಾರಿಗಳು ಕನ್ನಡದ ಅಧ್ಯಾಪಕರು, ಮಿತಭಾಷಿಗಳು. ಅವರು ಹಾಕಿದ ನಿಯಮ ಹೀಗಿತ್ತು: ಪ್ರತಿಯೊಬ್ಬರೂ ದಿನಕ್ಕೆ ಒಂದು ಕೆಲಸವನ್ನು, ತಾವು ಜನ್ಮದಲ್ಲಿ ಎಂದೂ ಮಾಡದಿರುವುದನ್ನು, ಮಾಡಬೇಕು. ಅದು ಸಾಹಸವಾಗಿರಕೂಡದು, ಯಾರದಾದರೂ ಮನೆಯ ನಿತ್ಯದ ಕೆಲಸವಾಗಿರಬೇಕು. ರಾತ್ರಿ ಅದನ್ನು ಒಂದು ಪುಟದಲ್ಲಿ ಬರೆದು ಪಡಸಾಲೆಯ ಗೋಡೆಗೆ ಮೈದಾ ಅಂಟಿನಿಂದ ಹಚ್ಚಬೇಕು. ಮರುದಿನ ಸಂಜೆ ಚೀಟಿ ಎತ್ತಿ, ಒಬ್ಬರ ಪುಟವನ್ನು ಇನ್ನೊಬ್ಬರು ಎಲ್ಲರ ಎದುರು ವಿಮರ್ಶಿಸಬೇಕು. ವಿಮರ್ಶೆಗೆ ಮೂರೇ ಮಾತು: ಈ ಪುಟದಲ್ಲಿ ಕಂಡದ್ದೇನು, ಕಾಣದೆ ಉಳಿದದ್ದೇನು, ಕೊನೆಗೆ ಒಂದು ಪ್ರಶ್ನೆ. ಬರೆದವರು ಆ ರಾತ್ರಿ ಉತ್ತರ ಕೊಡುವಂತಿಲ್ಲ. ಒಂದು ಹಗಲು ಸುಮ್ಮನಿದ್ದು ಆಮೇಲೆ ಮಾತನಾಡಬೇಕು.

ನಾಲ್ಕೂ ತಾಲ್ಲೂಕಿನ ಮಕ್ಕಳು ಅಲ್ಲಿದ್ದರು. ಒಬ್ಬರ ನಿತ್ಯ ಇನ್ನೊಬ್ಬರ ಹೊಸತು ಎಂಬುದು ಎರಡೇ ದಿನಗಳಲ್ಲಿ ಬೆಳಕಿಗೆ ಬಂದಿತು. ಗಂಗಾವತಿ ಪೇಟೆಯ ಹುಡುಗನೊಬ್ಬ ಮೊದಲ ಬಾರಿಗೆ ಜೋಳದ ರೊಟ್ಟಿ ಬಡಿದು, ಅದು ಹರಿದು ನಾಲ್ಕು ತುಂಡಾದ ಕಥೆಯನ್ನು ವಿನೋದವಾಗಿ ಬರೆದಿದ್ದ. ಯಲಬುರ್ಗಾ ಕಡೆಯ ಕಪ್ಪುನೆಲದಿಂದ ಬಂದ ವಿದ್ಯಾರ್ಥಿನಿ ಎದ್ದು ನಿಂತು, “ಕಂಡದ್ದು: ರೊಟ್ಟಿ ಹರೀತು. ಕಾಣದ್ದು: ತಣ್ಣೀರು ಹಾಕಿ ನಾದಿದಿ, ಕುದಿಯೋ ಎಸರು ಹಾಕಲಿಲ್ಲಂದ್ರ ಜೋಳದ ಹಿಟ್ಟಿಗೆ ಜಿಗಟು ಬರಂಗಿಲ್ಲ. ಪ್ರಶ್ನೆ: ಹರಿದ ರೊಟ್ಟಿ ಯಾರು ತಿಂದ್ರು?” ಎಂದಳು. ಎಲ್ಲರೂ ನಕ್ಕರು. ಮರುದಿನ ಹುಡುಗ ಒಪ್ಪಿಕೊಂಡ: ಆ ಮನೆಯ ಅಜ್ಜಿ ಒಳ್ಳೆಯ ರೊಟ್ಟಿಯನ್ನು ಇವನಿಗೆ ಕೊಟ್ಟು, ಹರಿದದ್ದನ್ನು ತಾನು ತಿಂದಿದ್ದಳು.

ಕಾಲುವೆಯನ್ನೇ ಕಾಣದ ಒಣಬೇಸಾಯದ ಊರಿನ ಹುಡುಗನೊಬ್ಬ ನೀರುಗಂಟಿಯೊಂದಿಗೆ ಒಂದು ರಾತ್ರಿ ಕಳೆದು, ಕಾಲುವೆಯ ತಲೆಭಾಗದವರಿಗೆ ನೀರು ಹೆಚ್ಚಾಗಿ ಕೊನೆಭಾಗದ ರೈತರು ಕಾಯ್ದು ಕುಳಿತಿರುವುದನ್ನು ಬರೆದ. ಕೊಪ್ಪಳದ ಹುಡುಗಿಯೊಬ್ಬಳು ಮೊಬೈಲನ್ನು ಶಿಬಿರಾಧಿಕಾರಿಗಳ ಕೈಗಿತ್ತು, ಕಣ್ಣು ಕಾಣದ ಮುದುಕರೊಬ್ಬರಿಗೆ ಇಡೀ ದಿನ ಊರಿನ ಸುದ್ದಿ ಹೇಳಿದಳು. ಇವು ಸಣ್ಣ ಸಂಗತಿಗಳೇ. ಆದರೆ ಬರೆದವನಿಗೆ ಪುಟ ಮುಗಿದರೂ ಕೇಳಿದವನಿಗೆ ಮುಗಿಯುವುದಿಲ್ಲವೆಂಬುದು ಅವರಿಗೆ ಅರ್ಥವಾಗತೊಡಗಿತ್ತು.

ನಾಟಿಯ ಪುಟ

ನಮ್ಮ ಧರ್ಮಕೇಂದ್ರದ ಮಗಳು ಎರಡನೆಯ ದಿನ ನಾಟಿಗೆ ಹೋದಳು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಗಂಗಾವತಿಯ ಸೀಮೆ ಭತ್ತದ ಕಣಜವಾಯಿತು. ಆಂಧ್ರದಿಂದ ಬಂದು ನೆಲೆಸಿದ ಕೃಷಿಕರ ‘ಕ್ಯಾಂಪು’ಗಳು ಎದ್ದವು, ಈ ಕಡೆ ‘ಕ್ಯಾಂಪಿಗೆ ಹೋಗಿದ್ದೆ’ ಎಂದರೆ ಜನ ವಿದ್ಯಾರ್ಥಿಗಳ ಶಿಬಿರವನ್ನಲ್ಲ, ಆ ಊರುಗಳನ್ನೇ ನೆನೆಯುತ್ತಾರೆ. ಹುಡುಗಿಯ ಸ್ವಂತ ಮನೆಗೆ ಗದ್ದೆಯಿದ್ದರೂ ಅವಳು ಕೆಸರಿಗೆ ಕಾಲಿಟ್ಟಿರಲಿಲ್ಲ. ಎರಡು ತಾಸು ಹೆಂಗಸರ ಸಾಲಿನಲ್ಲಿ ನಿಂತು ಸಸಿ ಹಚ್ಚಿ ಬಂದು, ಸೊಗಸಾದ ಪುಟವೊಂದನ್ನು ಬರೆದಳು. ಹೊಂಬಣ್ಣದ ಸೂರ್ಯ, ಕನ್ನಡಿಯಂಥ ನೀರು, ಕೊಕ್ಕರೆಗಳ ಸಾಲು, ದುಡಿಯುತ್ತಲೇ ಹಾಡುವ ‘ನಿಸರ್ಗದ ಮಕ್ಕಳು’ ಎಲ್ಲವೂ ಅದರಲ್ಲಿದ್ದವು. ಗೆಳತಿಯರು ಮೆಚ್ಚಿದರು.

ಚೀಟಿಯಲ್ಲಿ ಆ ಪುಟ ಬಂದದ್ದು ಕುಷ್ಟಗಿ ತಾಲ್ಲೂಕಿನ ವಿದ್ಯಾರ್ಥಿನಿಗೆ. ಅವಳು ಗೋಡೆಯ ಬಳಿ ಹೋಗಿ ಇನ್ನೊಮ್ಮೆ ಓದಿ, ತಿರುಗಿ ನಿಂತು ಹೇಳಿದಳು:

“ಕಂಡದ್ದು: ಸೂರ್ಯ, ನೀರು, ಕೊಕ್ಕರೆ, ಹಾಡು. ಚಂದ ಬರದೀ. ಕಾಣದ್ದು: ಹಾಡಿದವರ ಹೆಸರು ಒಂದೂ ಇಲ್ಲ. ನೀ ಎರಡು ತಾಸು ಬಗ್ಗಿದಿ. ನೀ ಬರೋದಕ್ಕಿಂತ ಮೊದಲ ಅವರು ಬಗ್ಗಿದ್ದರು, ನೀ ಹೋದ ಮ್ಯಾಲೂ ಬಗ್ಗಿದ್ದರು. ಮೂರನೇ ದಿನಕ್ಕ ಬೆರಳ ಸಂದಿ ಹುಣ್ಣಾಗ್ತಾವು. ರಾತ್ರಿ ಅರಿಶಿಣ ಎಣ್ಣಿ ಹಚ್ಚಿಕೊಂಡು ಮಲಗ್ತಾರ. ಅವರನ್ನ ನಿಸರ್ಗದ ಮಕ್ಕಳು ಅಂತ ಬರದೀ. ನಮ್ಮವ್ವ ನಿಸರ್ಗದ ಮಗಳಲ್ಲ, ನಮ್ಮಜ್ಜಿ ಮಗಳು. ನಮ್ಮ ಕಡೆ ಮಳಿ ಹೋತಂದ್ರ ಈ ಕಡೆ ನಾಟಿಗೆ ಬರ್ತಾಳ. ಪ್ರಶ್ನೆ: ಆ ಹೊಲದಾಗ ಎಕರೆಗೆ ಎಷ್ಟು ಕೊಡ್ತಾರ, ಅದರಾಗ ಆ ಹೆಣ್ಣುಮಕ್ಕಳ ಕೈಗೆ ಎಷ್ಟು ಬರ್ತದ?”

ಪಡಸಾಲೆ ಸ್ತಬ್ಧವಾಯಿತು. ನಿಯಮದಂತೆ ಉತ್ತರ ಕೊಡುವ ಹಾಗಿರಲಿಲ್ಲ. ಹುಡುಗಿ ಅತ್ತು ಮನೆಗೆ ಫೋನು ಮಾಡಿದಳು. ತಾಯಿ ನಮಗೆ ಫೋನು ಮಾಡಿ, “ನಾಳೆ ನೀವು ಭಾಷಣಕ್ಕ ಹೋಗ್ತೀರಲ್ಲ, ಬರುವಾಗ ಕರ್ಕೊಂಡು ಬಂದುಬಿಡ್ರಿ” ಎಂದರು.

ನಮ್ಮ ಸರದಿ

ಮರುದಿನ ಮಧ್ಯಾಹ್ನ ನಮ್ಮ ಉಪನ್ಯಾಸ. ವಿಷಯ ‘ಶ್ರಮದ ಘನತೆ’. ಗ್ರೀಕ್ ತತ್ತ್ವಜ್ಞಾನಿಗಳಿಂದ ಆರಂಭಿಸಿ, 12ನೆಯ ಶತಮಾನದ ಶರಣರ ಕಾಯಕತತ್ತ್ವವನ್ನು ಹಾಯ್ದು, ನಜರೇತಿನ ಬಡಗಿಯ ಮನೆಯವರೆಗೆ ಒಂದು ಗಂಟೆ ಮಾತನಾಡಿದೆವು. ಚಪ್ಪಾಳೆಯೂ ಬಂದಿತು. ಆಮೇಲೆ ಹುಡುಗಿಯನ್ನು ಕರೆದು, ಮನೆಗೆ ಹೊರಡುವೆಯಾ ಎಂದು ಕೇಳಿದೆವು. ಅವಳು ತಲೆತಗ್ಗಿಸಿ ಹೇಳಿದ ಮಾತು ನಮ್ಮ ನೆನಪಿನಿಂದ ಮಾಸಿಲ್ಲ: “ಫಾದರ್, ಆಕಿ ಕೇಳಿದ್ದು ಆ ಹೊಲದ ಬಗ್ಗೆ. ನಮ್ಮಪ್ಪನ ಹೊಲದಾಗ ಎಷ್ಟು ಕೊಡ್ತಾರ ಅನ್ನೋದೂ ನನಗ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳದ ಹ್ಯಾಂಗ ಹೋಗ್ಲಿ?” ಅವಳು ಅಲ್ಲೇ ಉಳಿದಳು.

ಸಂಜೆಯ ಸಭೆಗೆ ನಾವೂ ಕುಳಿತೆವು. ಕೊಪ್ಪಳದ ವಿದ್ಯಾರ್ಥಿಯೊಬ್ಬ ಅಳುಕುತ್ತಲೇ ಎದ್ದು, ಅತಿಥಿಗಳ ಉಪನ್ಯಾಸವನ್ನೂ ವಿಮರ್ಶಿಸಬಹುದೇ ಎಂದು ಕೇಳಿದ. ಅವಶ್ಯವಾಗಿ ಎಂದೆವು. “ಕಂಡದ್ದು: ದೊಡ್ಡ ದೊಡ್ಡ ಹೆಸರು, ಒಳ್ಳೆ ವಿಚಾರ. ಕಾಣದ್ದು: ಘನತೆ ಅನ್ನೋ ಮಾತು ಭಾಳ ಸಲ ಬಂತು, ಕೂಲಿ ಅನ್ನೋ ಮಾತು ಒಂದು ಸಲನೂ ಬರಲಿಲ್ಲ. ಪ್ರಶ್ನೆ: ಫಾದರ್ ಯಾವ ಕೆಲಸ ಮಾಡಿದಾಗ ಅವರ ಮೈ ನೋವಾಗಿತ್ತು?” ಎಲ್ಲರೊಡನೆ ನಾವೂ ನಕ್ಕೆವು. ರಾತ್ರಿ ಶಾಲೆಯ ಬೆಂಚಿನ ಮೇಲೆ ಮಲಗಿದಾಗ ನಗು ಬರಲಿಲ್ಲ. ಐವತ್ತು ದಾಟಿದ ವಯಸ್ಸಿನಲ್ಲಿ ಆ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ.

ನಸುಕಿನಲ್ಲೆದ್ದು ಪಂಚೆ ಕಟ್ಟಿ ಗದ್ದೆಗಿಳಿದೆವು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಹಿರಿಯಳೊಬ್ಬಳು, “ಸ್ವಾಮ್ಯಾರ, ಸಸಿ ಅಷ್ಟು ಆಳಕ್ಕ ಹೂಳಬ್ಯಾಡ್ರಿ. ಆಳಕ್ಕ ಹೋದ್ರ ಮರಿ ಒಡೆಯಂಗಿಲ್ಲ” ಎಂದು ತಿದ್ದಿದಳು. ಅರ್ಧ ತಾಸಿಗೆ ಸೊಂಟ ಸೆಟೆಯಿತು. ಹಿಂತಿರುಗಿ ನೋಡಿದಾಗ ನಾವು ಹಚ್ಚಿದ ಸಾಲು ಡೊಂಕಾಗಿತ್ತು. ಆಕೆ ಅದನ್ನು ಮಾತಿಲ್ಲದೆ ಕಿತ್ತು ಮತ್ತೆ ಹಚ್ಚುತ್ತಿದ್ದಳು. ಆಗ ನಮಗೆ ಹೊಳೆದದ್ದು ಇದು: ಈ ಹೆಂಗಸರದು ದಿನಗೂಲಿಯಲ್ಲ, ಎಕರೆಯ ಗುತ್ತಿಗೆ. ನಮ್ಮ ಹೊಸ ಅನುಭವಕ್ಕೆ ಬೆಲೆ ತೆತ್ತವರು ನಾವಲ್ಲ, ಅವರು. ಅಂದು ರಾತ್ರಿ ಇದನ್ನೇ ಒಂದು ಪುಟದಲ್ಲಿ ಬರೆದು ಗೋಡೆಗೆ ಹಚ್ಚಿ ಬಂದೆವು. ಯಾರು ವಿಮರ್ಶಿಸಿದರೋ ತಿಳಿಯದು.

ವಿಮರ್ಶೆ ಒಂದೇ ಕಡೆಯಿಂದ ನಡೆಯಲಿಲ್ಲವೆಂಬುದನ್ನೂ ಹೇಳಬೇಕು. ಆ ಕುಷ್ಟಗಿಯ ವಿದ್ಯಾರ್ಥಿನಿ ಐದನೆಯ ದಿನ ಒಂದು ಕ್ಯಾಂಪಿನ ರೈತರ ಮನೆಯಲ್ಲಿ ಉಂಡು ಬಂದು, ‘ದೊಡ್ಡ ಹಿಡುವಳಿಯವರೆಲ್ಲ ಒಂದೇ’ ಎಂದು ಬರೆದಿದ್ದಳು. ಆ ಪುಟ ನಮ್ಮ ಹುಡುಗಿಯ ಕೈಗೆ ಬಂದಿತು. “ಕಾಣದ್ದು: ಆ ಮನೆಯ ಮುದುಕಿ ಊರು ಬಿಟ್ಟು ಇಲ್ಲಿಗೆ ಬಂದು ಗುಡಿಸಲದಾಗ ಎಷ್ಟು ವರ್ಷ ಕಳೆದಳು ಅನ್ನೋದು. ಪ್ರಶ್ನೆ: ಒಂದು ಊಟದಾಗ ‘ಎಲ್ಲಾರೂ’ ಹ್ಯಾಂಗ ಗೊತ್ತಾದ್ರು?” ಎಂದು ಅವಳು ಕೇಳಿದಳಂತೆ. ಬೇಸಾಯಕ್ಕೆಂದು ಊರು ಬಿಟ್ಟು ಬಂದವರು, ಬರಕ್ಕೆ ಹೆದರಿ ಗೋವೆಗೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುವವರು, ಇಬ್ಬರ ಕಷ್ಟವೂ ಒಂದೇ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ನಿಂತಿತು.

ಆರನೆಯ ದಿನ ನಮ್ಮ ಹುಡುಗಿ ಎರಡನೆಯ ಬಾರಿ ನಾಟಿಯ ಬಗ್ಗೆ ಬರೆದಳು. ಅದರಲ್ಲಿ ಸೂರ್ಯನಿರಲಿಲ್ಲ. ಹನ್ನೊಂದು ಜನ ಹೆಂಗಸರ ಹೆಸರು, ಅವರ ಊರು, ಎದ್ದ ಹೊತ್ತು, ಉಂಡ ಹೊತ್ತು, ಮನೆಯಲ್ಲಿ ಬಿಟ್ಟುಬಂದ ಮಕ್ಕಳ ವಯಸ್ಸು ಇಷ್ಟೇ. ಕೂಲಿಯ ಲೆಕ್ಕ ಕೇಳಿದಾಗ ಒಬ್ಬೊಬ್ಬರ ಉತ್ತರ ಒಂದೊಂದು ಬಗೆಯಾಗಿತ್ತು. ಗುತ್ತಿಗೆ ಹಿಡಿದವನು ಹಿಂದೆ ಕೊಟ್ಟ ಮುಂಗಡವನ್ನು ಮುರಿದುಕೊಳ್ಳುತ್ತಿದ್ದ. ಎಷ್ಟು ಮುರಿದುಕೊಂಡನೆಂಬುದು ಅವರಲ್ಲಿ ಹಲವರಿಗೆ ತಿಳಿದಿರಲಿಲ್ಲ. ವಿಮರ್ಶಿಸಲು ಎದ್ದವಳು ಮತ್ತೆ ಅದೇ ಗೆಳತಿ. “ಈಗ ಕಂಡೀ” ಎಂದಷ್ಟೇ ಹೇಳಿ ಕುಳಿತಳು.

ಬಂಡೆಯ ಮೇಲಿನ ಆತ್ಮಶೋಧನೆ

ಇದೇನು ಹೊಸ ಸಂಪ್ರದಾಯವೇ? ಕೊಪ್ಪಳದ ಗವಿಮಠದ ಬೆಟ್ಟವನ್ನೂ ಪಾಲ್ಕಿಗುಂಡನ್ನೂ ನೋಡಿದವರಿಗೆ ಹಾಗೆನ್ನಿಸದು. ಅಲ್ಲಿ ಕ್ರಿಸ್ತಪೂರ್ವ ಮೂರನೆಯ ಶತಮಾನದ ಅಶೋಕನ ಕಿರುಶಾಸನಗಳಿವೆ. ಬ್ರಾಹ್ಮೀ ಲಿಪಿಯ ಆ ಪ್ರಾಕೃತ ಬರಹದಲ್ಲಿ ಚಕ್ರವರ್ತಿಯು ತನ್ನ ದಿಗ್ವಿಜಯವನ್ನು ಹೊಗಳಿಕೊಳ್ಳುವುದಿಲ್ಲ. ತಾನು ಉಪಾಸಕನಾದ ಮೇಲೂ ಒಂದು ವರ್ಷ ತಕ್ಕಷ್ಟು ಪ್ರಯತ್ನ ಮಾಡಲಿಲ್ಲವೆಂದೂ, ಸಂಘದ ಸಂಪರ್ಕ ಬಂದ ಅನಂತರವೇ ಶ್ರಮಿಸಿದೆನೆಂದೂ ಒಪ್ಪಿಕೊಳ್ಳುತ್ತಾನೆ. ಇಂಥ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಾಧ್ಯವೆನ್ನುತ್ತಾನೆ. ತನ್ನ ಕೊರತೆಯನ್ನು ಹತ್ತು ಜನ ಓದುವಂತೆ ಬಂಡೆಗೆ ಹಚ್ಚಿದ ಅರಸನ ಜಿಲ್ಲೆ ನಮ್ಮದು! ಶಾಲೆಯ ಗೋಡೆಗೆ ಪುಟ ಹಚ್ಚಿದ ಮಕ್ಕಳು ಆ ಪರಂಪರೆಯವರೆಂದರೆ ತಪ್ಪಾಗಲಾರದು.

ಕುಷ್ಟಗಿಗೆ ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂದು ಹೇಳಲಾಗುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕಥೆ ಎಲ್ಲರಿಗೂ ಪರಿಚಿತ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನಾಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಅಲ್ಲಿಯೇ ಚೆಲ್ಲಿ ಬಾ ಎಂದು ಹೆಂಡತಿ ಹಿಂದಕ್ಕೆ ಕಳುಹಿಸಿದಳು. ಸಹಚರಳ ವಿಮರ್ಶೆಯೆಂದರೆ ಇದು. ಆಕೆ ಗಂಡನನ್ನು ಹೀಯಾಳಿಸಲಿಲ್ಲ. ಅವನಿಗೆ ಕಾಣದೆ ಉಳಿದದ್ದನ್ನು ತೋರಿಸಿದಳು.

ನಮ್ಮ ಧರ್ಮಸಭೆಯಲ್ಲಿಯೂ ಈ ವಿದ್ಯೆಗೆ ಒಬ್ಬ ಆಚಾರ್ಯರಿದ್ದಾರೆ. ಬೆಲ್ಜಿಯಂ ದೇಶದ ಜೋಸೆಫ್ ಕಾರ್ಡಿನ್ ಅವರು ಗುರುಮಠದಿಂದ ರಜೆಗೆ ಮನೆಗೆ ಬಂದಾಗ, ಕಾರ್ಖಾನೆಗೆ ಸೇರಿದ್ದ ಬಾಲ್ಯದ ಗೆಳೆಯರು ಅವರಿಗೆ ಬೆನ್ನು ತಿರುಗಿಸಿದರು. ಆ ಗಾಯದಿಂದಲೇ 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಚಳವಳಿ ಮೂಡಿತು. ‘ನೋಡು, ತೀರ್ಮಾನಿಸು, ಕಾರ್ಯಮಾಡು’ ಎಂಬ ಅವರ ಕ್ರಮವನ್ನು ವಿಶ್ವಗುರು 23ನೆಯ ಜಾನ್ ಅವರು 1961ರ ವಿಶ್ವಪತ್ರದಲ್ಲಿ ಎತ್ತಿಹಿಡಿದರು. ಸಂಗಡಿಗರು ಕೂಡಿ ಕುಳಿತು ಆ ವಾರದ ಒಂದು ಸಾಮಾನ್ಯ ಘಟನೆಯನ್ನು ಪರಿಶೀಲಿಸುವ ‘ಜೀವನ ವಿಮರ್ಶೆ’ ಈ ಕ್ರಮದ ಹೃದಯ. ಇನ್ನು ಫ್ರಾನ್ಸಿನ ತತ್ತ್ವಶಾಸ್ತ್ರದ ಅಧ್ಯಾಪಕಿ ಸಿಮೋನ್ ವೇಯ್ ಅವರು 1934ರ ಡಿಸೆಂಬರಿನಲ್ಲಿ ಪಾಠ ಬಿಟ್ಟು ಪ್ಯಾರಿಸಿನ ಕಾರ್ಖಾನೆಗಳಲ್ಲಿ ಕೂಲಿಗೆ ಸ್ಟೇರಿದರು. ಯಂತ್ರದ ಮುಂದೆ ಅವರು ಕಂಡದ್ದು ಶ್ರಮದ ಸೊಬಗನ್ನಲ್ಲ. ದಣಿವು ಮನುಷ್ಯನ ಯೋಚನೆಯನ್ನೇ ಕಸಿದುಕೊಂಡು ಅವನನ್ನು ದಾಸನನ್ನಾಗಿ ಮಾಡುವುದನ್ನು. ಅದನ್ನು ಅವರು ಅಲಂಕಾರವಿಲ್ಲದೆ ದಿನಚರಿಯಲ್ಲಿ ಬರೆದಿಟ್ಟರು. ಅವರ ಬರಹಗಳನ್ನು ನಾವು ವಿದ್ಯಾರ್ಥಿದೆಸೆಯಲ್ಲಿ ಓದಿದ್ದೆವು. ಓದಿದ್ದು ಅರ್ಥವಾದದ್ದು ಗಂಗಾವತಿಯ ಕೆಸರಿನಲ್ಲಿ.

ಇಂದಿನ ಯುವಜನರಿಗೆ ಅನುಭವಗಳ ಕೊರತೆಯಿಲ್ಲ. ಬೆಟ್ಟ ಹತ್ತಿದರೂ, ಗದ್ದೆಗಿಳಿದರೂ, ಜಾತ್ರೆಯ ದಾಸೋಹದಲ್ಲಿ ರೊಟ್ಟಿ ಬಡಿಸಿದರೂ ಆ ಕ್ಷಣದಲ್ಲೇ ಚಿತ್ರ ತೆಗೆದು ಮೊಬೈಲಿನಲ್ಲಿ ಎಲ್ಲರಿಗೂ ತೋರಿಸುತ್ತಾರೆ. ಮೆಚ್ಚುಗೆಯ ಗುರುತುಗಳು ಬಂದು ಬೀಳುತ್ತವೆ. ಇದರಲ್ಲಿ ತಪ್ಪೇನಿದೆ ಎಂದು ಕೇಳಬಹುದು. ತಪ್ಪಿಲ್ಲ, ಆದರೆ ಅಲ್ಲಿ ಮೂರನೆಯ ಮಾತಾದ ಪ್ರಶ್ನೆ ಇಲ್ಲ. ಪ್ರಶ್ನೆಯಿಲ್ಲದ ಮೆಚ್ಚುಗೆಯಲ್ಲಿ ಮನುಷ್ಯನು ಹೊಸದನ್ನು ಮಾಡಿದರೂ ಹೊಸದನ್ನು ಕಾಣುವುದಿಲ್ಲ. ತನ್ನನ್ನೇ ಬೇರೆ ಬೇರೆ ಜಾಗಗಳಲ್ಲಿ ನಿಲ್ಲಿಸಿ ನೋಡಿಕೊಳ್ಳುತ್ತಾನೆ. ಅನುಭವವು ಅರಿವಾಗಬೇಕಾದರೆ ಅದಕ್ಕೆ ಇನ್ನೊಬ್ಬರ ಕಣ್ಣು ತಾಗಬೇಕು. ಆ ಕಣ್ಣು ಸುಲಭವಾಗಿ ಹೊಗಳುವವರದಾಗಿದ್ದರೆ ಸಾಲದು. ನಮ್ಮ ‘ಹೊಸತು’ ಯಾರ ಮನೆಯ ನಿತ್ಯದ ಪಾಡೋ ಅವರದೇ ಆಗಿದ್ದರೆ ಲೇಸು.

ಲೆಕ್ಕದ ಪುಸ್ತಕ

ಶಿಬಿರ ಮುಗಿದ ಎರಡು ವಾರಗಳ ಅನಂತರ ಆ ಹುಡುಗಿಯ ತಂದೆ ಒಬ್ಬರೇ ನಮ್ಮ ಬಳಿ ಬಂದರು. “ಉಣ್ಣಾಕ ಕುಂತಾಗ ಕೇಳ್ತಾಳ್ರಿ ಫಾದರ್, ನಮ್ಮ ಹೊಲದಾಗ ನಾಟಿ ಹಚ್ಚಿದವರ ಹೆಸರೇನಪ್ಪಾ ಅಂತ. ನನಗ ಒಂದೂ ಗೊತ್ತಿಲ್ಲ. ಎಕರೆಗೆ ಇಷ್ಟು ಅಂತ ಗುತ್ತಿಗೆಯವನ ಕೈಗೆ ಎಣಿಸಿ ಕೊಡ್ತೀನಿ, ಪುಸ್ತಕದಾಗ ಬರೀತೀನಿ; ಅಲ್ಲಿಗೆ ಲೆಕ್ಕ ಮುಗೀತು ಅಂತ ತಿಳಿದಿದ್ದೆ. ಇದು ಪಾಪ ಅಂತೀರೇನು?”

ಪಾಪನಿವೇದನೆಯ ಪೀಠದಲ್ಲಿ ಇಂಥ ಪ್ರಶ್ನೆ ನಮಗೆ ಬಂದಿರಲಿಲ್ಲ. ಹೊಲ ಕೊಯ್ದವರ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆಂಬ ಸಂತ ಯಕೋಬರ ಎಚ್ಚರಿಕೆಯನ್ನು ಅವರಿಗೆ ನೆನಪಿಸಿದೆವು. ಆದರೆ ಇವರು ಕೂಲಿ ತಡೆಹಿಡಿದವರಲ್ಲ. ಅದು ಎಲ್ಲಿ ನಿಂತಿತೆಂದು ನೋಡದವರು. ನೋಡದಿರುವುದಕ್ಕೆ ಯಾವ ಹೆಸರು ಕೊಡಬೇಕು? “ನಿಮ್ಮ ಮಗಳು ಕೇಳಿದ್ದಕ್ಕೆ ಮೊದಲು ಉತ್ತರ ಹುಡುಕಿ, ಹೆಸರನ್ನು ಆಮೇಲೆ ಇಡೋಣ” ಎಂದೆವು.

ಮುಂದಿನ ಮುಂಗಾರಿನಲ್ಲಿ ಅವರು ನಾಟಿಯ ಕೂಲಿಯನ್ನು ಸಂಜೆ ಬದುವಿನ ಮೇಲೆ ನಿಂತು ಹೆಂಗಸರ ಕೈಗೇ ಎಣಿಸಿದರು. ಇದನ್ನು ಅವರು ನಮಗೆ ಹೇಳಲಿಲ್ಲ, ಮಗಳು ಹೇಳಿದಳು. ಪರಿಣಾಮ ಸಿಹಿಯಾಗಿಯೇನೂ ಇರಲಿಲ್ಲ. ಗುತ್ತಿಗೆಯವನು ಮುನಿಸಿಕೊಂಡು ಉಳಿದ ಎಕರೆಗಳಿಗೆ ಆಳುಗಳನ್ನು ಕರೆತರಲಿಲ್ಲ. ನಾಟಿ ಹತ್ತು ದಿನ ತಡವಾಯಿತು. ನೆರೆಹೊಲದವರು ‘ಇವನೊಬ್ಬ ಧರ್ಮರಾಯ’ ಎಂದು ನಕ್ಕರು. ಮನೆಯಾಕೆಯೂ ನಮ್ಮನ್ನು ಕಂಡಾಗ, “ಶಿಬಿರಕ್ಕ ಕಳಸ್ರಿ ಅಂದವರು ನೀವ ನೋಡ್ರಿ” ಎಂದು ಮೊಟಕಿದರು. ಅದರ ಮುಂದಿನ ಹಂಗಾಮಿಗೆ ಕುಷ್ಟಗಿ ಕಡೆಯ ಒಂದು ಹೆಂಗಸರ ಗುಂಪು ಯಾರ ಮಧ್ಯಸ್ಥಿಕೆಯೂ ಇಲ್ಲದೆ ತಾನಾಗಿಯೇ ಬಂದಿತು. ಆ ಗುಂಪಿನಲ್ಲಿ ಗೆಳತಿಯ ತಾಯಿಯೂ ಇದ್ದರು. ಅಂದು ಆ ಮನೆಯಾಕೆ ಗದ್ದೆಗೆ ಬುತ್ತಿ ಕಳುಹಿಸುವ ಬದಲು ತಾವೇ ಹೊತ್ತುಕೊಂಡು ಹೋಗಿ, ಬದುವಿನ ಮೇಲೆ ಅವರೊಂದಿಗೆ ಕುಳಿತು ಉಂಡರೆಂದು ಕೇಳಿದೆವು. ಮಗಳ ಶಿಬಿರದ ಬಗ್ಗೆ ಅವರು ಆಮೇಲೆ ದೂರಲಿಲ್ಲ.

ಪ್ರಿಯ ವಾಚಕರೇ, ನಿಮ್ಮ ಮನೆಯ ಮಕ್ಕಳು ಶಿಬಿರಕ್ಕೋ, ಸೇವೆಗೋ, ಪರವೂರಿಗೋ ಹೊರಟಾಗ ತಡೆಯಬೇಡಿರಿ. ಆದರೆ ಅವರು ಹಿಂತಿರುಗಿದ ರಾತ್ರಿ ‘ಹೇಗಿತ್ತು?’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿರಿ. ‘ಚೆನ್ನಾಗಿತ್ತು’ ಎಂಬ ಉತ್ತರ ಬಂದು ಮಾತು ಅಲ್ಲಿಗೇ ಮುಗಿಯುತ್ತದೆ. ಊಟಕ್ಕೆ ಕುಳಿತಾಗ ಆ ಮೂರು ಮಾತುಗಳನ್ನು ಕೇಳಿರಿ: ಕಂಡದ್ದೇನು, ಕಾಣದೆ ಉಳಿದದ್ದೇನು, ತಂದ ಪ್ರಶ್ನೆ ಯಾವುದು. ಮಕ್ಕಳು ಅದೇ ಮಾತುಗಳನ್ನು ನಿಮಗೂ ಕೇಳಿಯಾರು. ಆಗ ಸಿಟ್ಟಾಗದೆ ಒಂದು ಹಗಲು ಸುಮ್ಮನಿದ್ದು, ಮರುದಿನ ಉತ್ತರ ಕೊಡಿರಿ. ನಮ್ಮ ಉಪನ್ಯಾಸವನ್ನು ವಿಮರ್ಶಿಸಿದ ಆ ಹುಡುಗನಿಗೆ ನಾವು ಉತ್ತರಿಸಿದ್ದೂ ಹಾಗೆಯೇ, ಸೊಂಟ ಹಿಡಿದುಕೊಂಡು.